‘ಸೂಪರ್’ ಅಂದರೆ ಸಾಲದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷದ ಈ ಹಬ್ಬದಲ್ಲಿ ಮಾತನಾಡಲು ಕರೆದದ್ದಕ್ಕೆ ಸಮಿತಿಯವರಿಗೆ ನಾನು ಋಣಿ. ಬೆಂಗಳೂರಿನಲ್ಲಿ ವಿಡಿಯೋ ಎಡಿಟಿಂಗ್ ನನ್ನ ಹೊಟ್ಟೆಪಾಡು. ಮದುವೆಯ ವಿಡಿಯೋದಿಂದ ಹಿಡಿದು ಜಾಹೀರಾತಿನವರೆಗೆ, ಬೇರೆಯವರು ಚಿತ್ರೀಕರಿಸಿ ತಂದದ್ದನ್ನು ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಹಾಗಾಗಿ ಸಮಿತಿಯವರು, “ನಮ್ಮ ಹುಡುಗರು ಮೊಬೈಲಿನಲ್ಲಿ ಅದೇನೋ ಕಾರ್ಟೂನ್ ವಿಡಿಯೋ ಮಾಡ್ತಾರಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳು” ಅಂದರು. ಇದು ಮಕ್ಕಳಾಟದ ವಿಷಯ ಎಂದು ದೊಡ್ಡವರು ಎದ್ದು ಹೋಗಬೇಡಿ. ಒಬ್ಬರು ಮಾಡಿದ ಕೆಲಸದ ಬಗ್ಗೆ ಇನ್ನೊಬ್ಬರು ಹೇಗೆ ಮಾತನಾಡಬೇಕು, ಆ ಮಾತನ್ನು ಮಾಡಿದವರು ಹೇಗೆ ಕೇಳಿಸಿಕೊಳ್ಳಬೇಕು ಎನ್ನುವುದನ್ನು ನಾನು ಹೇಳಬೇಕೆಂದಿದ್ದೇನೆ. ಅದು ಎಲ್ಲರಿಗೂ ಬೇಕಾದದ್ದು.

ಮೊದಲು ಈ ವಿಡಿಯೋ ಅಂದರೆ ಏನೆಂದು ಹೇಳಿಬಿಡುತ್ತೇನೆ. ಜಪಾನಿನಲ್ಲಿ ತಯಾರಾಗುವ ಅನಿಮೇಶನ್ ಚಿತ್ರಗಳಿಗೆ ‘ಅನಿಮೆ’ ಎಂದು ಹೆಸರು. ಡೋರೆಮಾನ್, ಶಿನ್‌ಚಾನ್, ಪೋಕೆಮಾನ್ ನಮ್ಮ ಮನೆಗಳ ಟಿವಿಗೆ ಬಂದು ಬಹಳ ವರ್ಷವಾಯಿತು. ಈಗಿನ ಹುಡುಗರು ನಾರುಟೋ, ಒನ್ ಪೀಸ್ ನೋಡುತ್ತಾರೆ. ಅಂಥ ಚಿತ್ರಗಳಿಂದ ತಮಗೆ ಬೇಕಾದ ದೃಶ್ಯಗಳನ್ನು ಆರಿಸಿ, ತಮಗೆ ಇಷ್ಟವಾದ ಒಂದು ಹಾಡಿಗೆ ಹೊಂದಿಸಿ ಎರಡು ಮೂರು ನಿಮಿಷದ ವಿಡಿಯೋ ಮಾಡುತ್ತಾರೆ. ಇದಕ್ಕೆ ಅನಿಮೆ ಮ್ಯೂಸಿಕ್ ವಿಡಿಯೋ, ಚಿಕ್ಕದಾಗಿ ಎಎಂವಿ ಎನ್ನುತ್ತಾರೆ. ನಮ್ಮ ಮಕ್ಕಳ ಬಾಯಲ್ಲಿ ಅದು ಬರೀ ‘ಎಡಿಟ್’.

ಇದು ಮೊಬೈಲಿನ ಜೊತೆ ಹುಟ್ಟಿದ್ದೂ ಅಲ್ಲ. 1982ರಲ್ಲಿ ಅಮೆರಿಕದಲ್ಲಿ ಜಿಮ್ ಕಪೋಸ್ತಾಸ್ ಎಂಬ 21 ವರ್ಷದ ತರುಣ ಎರಡು ವಿಸಿಆರ್‌ಗಳನ್ನು ಒಂದಕ್ಕೊಂದು ಜೋಡಿಸಿಕೊಂಡು, ಜಪಾನಿನ ‘ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೋ’ ಧಾರಾವಾಹಿಯ ಅಮೆರಿಕನ್ ರೂಪದಿಂದ ಹೊಡೆದಾಟದ ದೃಶ್ಯಗಳನ್ನು ಆರಿಸಿ ಬೀಟಲ್ಸ್ ತಂಡದ ‘ಆಲ್ ಯು ನೀಡ್ ಈಸ್ ಲವ್’ ಹಾಡಿಗೆ ಕೂಡಿಸಿದ. ಈ ಬಗೆಯ ಮೊದಲ ವಿಡಿಯೋ ಎಂದು ಅದನ್ನೇ ಹೇಳುವುದು ವಾಡಿಕೆ. ಹಾಡು ಪ್ರೀತಿಯದು, ಚಿತ್ರ ಯುದ್ಧದ್ದು. “ಹಾಡಿಗೂ ಚಿತ್ರಕ್ಕೂ ಹೊಂದಿಕೆಯೇ ಇಲ್ಲವಲ್ಲ” ಎಂದು ಯಾರಾದರೂ ತಪ್ಪು ಹಿಡಿಯಬಹುದಿತ್ತು. ಆದರೆ ಹೊಂದದಿರುವುದರಲ್ಲೇ ಅವನ ತಮಾಷೆ ಇತ್ತು. ಮಾಡಿದವನ ಉದ್ದೇಶ ತಿಳಿಯದೆ ತಪ್ಪು ಹುಡುಕಲು ಹೋದರೆ ಹೀಗಾಗುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಲ್ಲಿ ಹಿರಿಯರೊಬ್ಬರು ಕೇಳಬಹುದು: “ಚಿತ್ರ ಯಾರದೋ, ಹಾಡು ಯಾರದೋ. ಇದರಲ್ಲಿ ನೀನು ಮಾಡಿದ್ದು ಏನಪ್ಪಾ?” ನ್ಯಾಯವಾದ ಪ್ರಶ್ನೆ. ನಾನು ಅವರಿಗೆ ತಾಳಮದ್ದಲೆಯನ್ನು ನೆನಪಿಸುತ್ತೇನೆ. ಕತೆ ಮಹಾಭಾರತದ್ದು, ಪದ್ಯ ಎಂದೋ ಯಾರೋ ಬರೆದ ಪ್ರಸಂಗದ್ದು, ಹಾಡುವವರು ಭಾಗವತರು. ಅರ್ಥಧಾರಿ ಮಾಡುವುದೇನು? ಆ ಪದ್ಯವನ್ನು ಹಿಡಿದು ತನ್ನ ಮಾತಿನಲ್ಲಿ ಕರ್ಣನನ್ನು ಕಟ್ಟುತ್ತಾನೆ. ಒಂದೇ ಪದ್ಯಕ್ಕೆ ಇಬ್ಬರು ಅರ್ಥ ಹೇಳಿದರೆ ಇಬ್ಬರು ಕರ್ಣರು ಎದ್ದು ಬರುತ್ತಾರೆ. ಅರ್ಥಧಾರಿಗೆ “ನಿನ್ನದೇನಿದೆ” ಎಂದು ನಮ್ಮ ಜಿಲ್ಲೆಯಲ್ಲಿ ಯಾರೂ ಕೇಳುವುದಿಲ್ಲ. ಈ ಮಕ್ಕಳದೂ ಅದೇ ಜಾತಿಯ ಕೆಲಸ. ಸಿಕ್ಕಿದ ಚಿತ್ರಕ್ಕೆ ಸಿಕ್ಕಿದ ಹಾಡನ್ನು ಕೂಡಿಸಿ ತಮ್ಮದೊಂದು ಅರ್ಥ ಹೇಳುವುದು.

ಇದರಲ್ಲಿ ದುಡಿಮೆಯೂ ಇದೆ. ಅನಿಮೆಯಲ್ಲಿ ಒಂದು ಸೆಕೆಂಡಿಗೆ ಸಾಮಾನ್ಯವಾಗಿ 24 ಫ್ರೇಮು. ನಿಮಿಷಕ್ಕೆ 120 ಪೆಟ್ಟು ಬೀಳುವ ಹಾಡಾದರೆ ಪ್ರತಿ ಪೆಟ್ಟಿಗೂ 12 ಫ್ರೇಮು. ದೃಶ್ಯ ಬದಲಾಗುವ ಜಾಗ ಪೆಟ್ಟಿನಿಂದ ಮೂರು ನಾಲ್ಕು ಫ್ರೇಮು ಆಚೀಚೆ ಆದರೂ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಕುಣಿತದಲ್ಲಿ ಹೆಜ್ಜೆ ತಾಳಕ್ಕೆ ಬೀಳದಿದ್ದರೆ ಅಂಗಳದ ಕೊನೆಯಲ್ಲಿ ಕೂತ ಅಜ್ಜನಿಗೂ ಗೊತ್ತಾಗುತ್ತದಲ್ಲ, ಹಾಗೆ. ಮೂರು ನಿಮಿಷದ ಹಾಡಿಗೆ ನೂರು ಕಡೆ ಕತ್ತರಿ ಹಾಕುವುದು ಹೆಚ್ಚೇನಲ್ಲ. ಆರು ಇಂಚಿನ ಪರದೆಯ ಮೇಲೆ, ಹೆಬ್ಬೆರಳಿನಿಂದ, ರಾತ್ರಿ ಕೂತು ಮಾಡುವ ಕೆಲಸ ಅದು.

ಇಷ್ಟು ಮಾಡಿದ ಮೇಲೆ ಆ ಹುಡುಗನಿಗೋ ಹುಡುಗಿಗೋ ಸಿಗುವುದೇನು? ಗೆಳೆಯರಿಂದ “ಸೂಪರ್”, “ಬೆಂಕಿ”, “ಮಸ್ತ್”. ಮನೆಯ ದೊಡ್ಡವರಿಂದ “ಓದೋದು ಬಿಟ್ಟು ಇದೊಂದು ಕೇಡು”. ಮೇಲ್ನೋಟಕ್ಕೆ ಒಂದು ಹೊಗಳಿಕೆ, ಇನ್ನೊಂದು ಬೈಗುಳ. ನನಗೆ ಎರಡೂ ಒಂದೇ ಥರ ಕಾಣುತ್ತವೆ. ಎರಡನ್ನೂ ವಿಡಿಯೋ ನೋಡದೆಯೇ ಹೇಳಬಹುದು.

ನನ್ನ ಅಕ್ಕನ ಮಗಳ ಕತೆ ಹೇಳುತ್ತೇನೆ. 2019ರ ಆಗಸ್ಟ್ ತಿಂಗಳು ಇಲ್ಲಿ ಕುಳಿತವರಿಗೆ ನೆನಪು ಮಾಡಿಕೊಡಬೇಕಾಗಿಲ್ಲ. ಮಳೆ ನಿಲ್ಲಲಿಲ್ಲ, ಕದ್ರಾ ಅಣೆಕಟ್ಟಿನಿಂದ ನೀರು ಬಿಡಬೇಕಾಯಿತು, ಕಾಳಿಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ಅಕ್ಕನ ಮನೆಯೊಳಗೂ ಮೊಣಕಾಲಿನ ತನಕ ನೀರು ಬಂತು. ಅದೇ ವರ್ಷ ಜಪಾನಿನಲ್ಲಿ ಮಕೋಟೋ ಶಿಂಕಾಯಿ ಎಂಬ ನಿರ್ದೇಶಕರ ‘ವೆದರಿಂಗ್ ವಿತ್ ಯು’ ಎಂಬ ಅನಿಮೆ ಚಿತ್ರ ಬಂದಿತ್ತು. ಟೋಕಿಯೋ ನಗರದಲ್ಲಿ ಹಿಡಿದ ಮಳೆ ಬಿಡದೆ ಸುರಿಯುವ ಕತೆ. ನಮ್ಮ ದೇಶದ ಅಭಿಮಾನಿಗಳು ಸಹಿ ಸಂಗ್ರಹಿಸಿ ಕೇಳಿಕೊಂಡದ್ದರಿಂದ ಆ ಅಕ್ಟೋಬರಿನಲ್ಲಿ ಅದು ಭಾರತದ ಚಿತ್ರಮಂದಿರಗಳಿಗೂ ಬಂತು. ಮರುವರ್ಷ ಶಾಲೆಗಳು ಮುಚ್ಚಿ, ಆನ್‌ಲೈನ್ ಪಾಠಕ್ಕೆಂದು ಮನೆಯ ಮೊಬೈಲು ಈ ಹುಡುಗಿಯ ಕೈಗೆ ಬಂದಾಗ ಅವಳೂ ಆ ಚಿತ್ರ ನೋಡಿದಳು. ಅದರ ಮಳೆಯ ದೃಶ್ಯಗಳನ್ನು ತೆಗೆದು ಒಂದು ಹಳೆಯ ಮಳೆ ಹಾಡಿಗೆ ಜೋಡಿಸಿದಳು. ಎರಡೂವರೆ ನಿಮಿಷ. ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದಳು.

ಗುಂಪಿನಲ್ಲಿ ಇಪ್ಪತ್ತು ಹೆಬ್ಬೆಟ್ಟಿನ ಗುರುತು ಬಂದವು. ಐದಾರು ಮಂದಿ ‘ಸೂಪರ್’ ಅಂದರು. ಹಿರಿಯ ಬಂಧುವೊಬ್ಬರು, “ಪಾಠಕ್ಕೆ ಅಂತ ಮೊಬೈಲು ಕೊಟ್ಟರೆ ಕಾರ್ಟೂನ್ ಕತ್ತರಿಸ್ತಾ ಕೂತಿದೆ” ಎಂದು ಬರೆದರು. ಅದರ ಕೆಳಗೆ ನಾಲ್ಕು ಜನ ನಕ್ಕರು. ಸಂಜೆಯೊಳಗೆ ಅವಳು ವಿಡಿಯೋ ಅಳಿಸಿ ಹಾಕಿದಳು. 

ನಾನು ಅದನ್ನು ಅಷ್ಟರಲ್ಲಿ ಮೂರು ಸಲ ನೋಡಿದ್ದೆ. ವೃತ್ತಿಯ ಅಭ್ಯಾಸ. ಅದರಲ್ಲಿ ಒಂದು ನಿಮಿಷ ನಲವತ್ತನೇ ಸೆಕೆಂಡಿಗೆ ಹಾಡಿನ ನಡುವೆ ಒಂದು ಮೌನ ಬರುತ್ತದೆ. ಅಲ್ಲಿ ಅವಳು ಬರೀ ನಿಂತ ನೀರಿನ ಒಂದೇ ಚಿತ್ರವನ್ನು ಕತ್ತರಿಸದೆ ನಾಲ್ಕು ಸೆಕೆಂಡು ಹಾಗೇ ಬಿಟ್ಟಿದ್ದಳು. ಫೋನ್ ಮಾಡಿ ಕೇಳಿದೆ, “ಅದೊಂದು ಚಿತ್ರ ಅಷ್ಟು ಹೊತ್ತು ಯಾಕೆ ಇಟ್ಟೆ?” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಆವತ್ತು ನಮ್ಮ ಮನೆಯೊಳಗೆ ನೀರು ಹಾಗೇ ನಿಂತಿತ್ತಲ್ಲ ಮಾಮಾ, ಯಾರೂ ಏನೂ ಮಾತಾಡಲಿಲ್ಲ.”

ನೋಡಿ, ಅವಳು ಕತ್ತರಿಸಿದ್ದು ಕಾರ್ಟೂನನ್ನಲ್ಲ. ಹೇಳಲು ಬೇರೆ ದಾರಿ ಕಾಣದ ಮಾತೊಂದನ್ನು ಅವಳು ಹೇಳಿದ್ದಳು. ಹೆಬ್ಬೆಟ್ಟು ಒತ್ತಿದ ಇಪ್ಪತ್ತು ಜನಕ್ಕೂ ಅದು ಕೇಳಿಸಲಿಲ್ಲ, ಬೈದವರಿಗೂ ಕೇಳಿಸಲಿಲ್ಲ.

ಕನ್ನಡದಲ್ಲಿ ಇದಕ್ಕೆ ‘ವಿಮರ್ಶೆ’ ಎಂಬ ಒಳ್ಳೆಯ ಮಾತಿದೆ. ಸಂಸ್ಕೃತದ ‘ಮೃಶ್’ ಎಂಬ ಧಾತುವಿನಿಂದ ಬಂದದ್ದು. ಮುಟ್ಟುವುದು, ಸವರಿ ನೋಡುವುದು ಎಂಬ ಅರ್ಥ ಅದಕ್ಕಿದೆ. ಬಟ್ಟೆ ಅಂಗಡಿಯಲ್ಲಿ ನಮ್ಮ ತಾಯಂದಿರು ಸೀರೆಯ ಸೆರಗನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರಲ್ಲ, ಅದು ವಿಮರ್ಶೆ. ‘ಟೀಕೆ’ ಎಂಬ ಮಾತಿಗೂ ಮೊದಲು ಇದ್ದ ಅರ್ಥ ಗ್ರಂಥಕ್ಕೆ ಬರೆದ ವಿವರಣೆ, ಓದುವವರಿಗೆ ದಾರಿ ತೋರುವ ಬರಹ. ತಪ್ಪು ಎತ್ತಿ ಆಡುವುದು ಎಂಬ ಅರ್ಥ ಆಮೇಲೆ ಬಂದು ಸೇರಿಕೊಂಡಿತು. ನಮ್ಮ ಜಿಲ್ಲೆಯ ಗೌರೀಶ ಕಾಯ್ಕಿಣಿಯವರು ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಮಾಸ್ತರಾಗಿದ್ದುಕೊಂಡೇ ಕನ್ನಡದ ದೊಡ್ಡ ವಿಮರ್ಶಕರಾದವರು. ಹಳ್ಳಿಯ ಶಾಲೆಗೂ ವಿಮರ್ಶೆಗೂ ದೂರವೇನಿಲ್ಲ ಎನ್ನುವುದಕ್ಕೆ ಅವರ ಹೆಸರೊಂದೇ ಸಾಕು.

ಚಿತ್ರ ನೋಡಿ ಮಾತನಾಡುವುದನ್ನು ಒಂದು ಊರೇ ಕಲಿತ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ಘಟ್ಟದ ಮೇಲೆ ಸಾಗರ ತಾಲೂಕಿನ ಹೆಗ್ಗೋಡು. ಅಲ್ಲಿ 1949ರಲ್ಲಿ ಶುರುವಾದ ನೀನಾಸಮ್ 1973ರಲ್ಲಿ ಒಂದು ಚಿತ್ರಸಮಾಜ ಕಟ್ಟಿತು. ಕೆ. ವಿ. ಸುಬ್ಬಣ್ಣನವರು ಸತ್ಯಜಿತ್ ರಾಯ್, ಜಪಾನಿನ ಕುರೋಸಾವಾ ಮುಂತಾದವರ ಚಿತ್ರಗಳನ್ನು ಅಡಿಕೆ ತೋಟದ ಜನರ ಮುಂದೆ ಇಟ್ಟರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಬಂದು ಚಿತ್ರ ನೋಡುವ ಶಿಬಿರ ನಡೆಸಿದರು. ಅಲ್ಲಿ ಚಿತ್ರ ಮುಗಿದರೆ ಕೆಲಸ ಮುಗಿಯಿತು ಎಂದಲ್ಲ. ಕೂತು ಅದರ ಬಗ್ಗೆ ಮಾತನಾಡಬೇಕು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಆ ಹಳ್ಳಿಯ ಮಾತುಕತೆಗೂ ಅದರಲ್ಲಿ ಪಾಲಿತ್ತು. ಹೆಗ್ಗೋಡಿನಲ್ಲಿ ಆದದ್ದು ಕದ್ರಾದಲ್ಲಿ ಯಾಕೆ ಆಗಬಾರದು?

ಈಗ, ಹೇಳುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಮಕ್ಕಳೆ, ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ.

ಒಂದನೆಯದು, ಎರಡು ಸಲ ನೋಡಿ. ಮೊದಲ ಸಲ ಸುಮ್ಮನೆ ನೋಡಿ, ಎರಡನೆಯ ಸಲ ಎಲ್ಲಿ ಏನಾಯಿತು ಎಂದು ನೋಡಿ. ಎರಡು ಸಲ ನೋಡಲು ಪುರುಸೊತ್ತು ಇಲ್ಲದಿದ್ದರೆ ಅಭಿಪ್ರಾಯ ಹೇಳುವ ಅವಸರವೂ ಬೇಡ.

ಎರಡನೆಯದು, ಮಾಡಿದವರು ಏನು ಮಾಡಲು ಹೊರಟಿದ್ದರು ಎಂದು ಮೊದಲು ಕೇಳಿ, ಇಲ್ಲವೇ ನಿಮಗೆ ಅರ್ಥವಾದದ್ದನ್ನು ಹೇಳಿ. ನಮ್ಮ ಶಾಸ್ತ್ರಗಳಲ್ಲಿ ಎದುರಾಳಿಯ ವಾದವನ್ನು ಖಂಡಿಸುವ ಮೊದಲು ಅದನ್ನು ಸರಿಯಾಗಿ ಮಂಡಿಸಬೇಕು, ಅದಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಎದುರಾಳಿಗೇ ಅಷ್ಟು ಮರ್ಯಾದೆ ಇರುವಾಗ ಗೆಳೆಯನಿಗೆ ಬೇಡವೆ? “ಇದು ನಗಿಸೋಕೆ ಮಾಡಿದ್ದಾ, ಅಳಿಸೋಕೆ ಮಾಡಿದ್ದಾ?” ಎಂದು ಒಂದು ಮಾತು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಆ ಅಮೆರಿಕದ ತರುಣನ ವಿಡಿಯೋ ನೆನಪಿದೆಯಲ್ಲ?

ಮೂರನೆಯದು, ಜಾಗ ತೋರಿಸಿ ಮಾತನಾಡಿ. “ಚೆನ್ನಾಗಿಲ್ಲ” ಅಂದರೆ ಅವನು ಏನು ಮಾಡಬೇಕು? “ಐವತ್ತನೇ ಸೆಕೆಂಡಿನಲ್ಲಿ ಪಾತ್ರದ ಬಾಯಿ ಅಲ್ಲಾಡುತ್ತದೆ, ಆದರೆ ಅಲ್ಲಿ ಹಾಡಿನಲ್ಲಿ ಮಾತಿಲ್ಲ, ಬರೀ ಕೊಳಲು ಇದೆ” ಎಂದರೆ ಅವನು ಹೋಗಿ ಸರಿ ಮಾಡುತ್ತಾನೆ. ಹೊಗಳಿಕೆಗೂ ಇದೇ ನಿಯಮ. “ಆ ನಾಲ್ಕು ಸೆಕೆಂಡಿನ ನೀರು ನೋಡಿ ನನಗೆ ಮಾತೇ ಹೊರಡಲಿಲ್ಲ” ಎಂಬುದು ನೂರು ‘ಸೂಪರ್’ಗೆ ಸಮ. ತನ್ನ ಕೈಯಲ್ಲಿ ಯಾವುದು ಫಲಿಸಿತು ಎಂದು ಅವಳಿಗೆ ಆಗ ತಿಳಿಯುತ್ತದೆ. ಮುಂದಿನ ಸಲ ಅದನ್ನು ಬಿಡುವುದಿಲ್ಲ.

ನಾಲ್ಕನೆಯದು, ತಪ್ಪು ಬೇರೆ, ರುಚಿ ಬೇರೆ. ಚಿತ್ರದ ಮೂಲೆಯಲ್ಲಿ ಟಿವಿ ಚಾನೆಲಿನ ಗುರುತು ಉಳಿದಿದೆ, ಕೆಳಗೆ ಬೇರೆ ಭಾಷೆಯ ಅಡಿಬರಹ ಓಡುತ್ತಿದೆ, ಅಗಲದ ಚಿತ್ರವನ್ನು ಎಳೆದು ಮುಖಗಳೆಲ್ಲ ಉದ್ದವಾಗಿವೆ, ದನಿ ಒಡೆಯುತ್ತಿದೆ: ಇವು ತಪ್ಪುಗಳು, ಯಾರು ನೋಡಿದರೂ ತಪ್ಪುಗಳೇ. “ನನಗೆ ಈ ಹಾಡು ಸೇರಲ್ಲ” ಎಂಬುದು ನಿಮ್ಮ ರುಚಿ. ಹೇಳಬಹುದು, ಆದರೆ ರುಚಿ ಎಂದು ಹೇಳಿಯೇ ಹೇಳಬೇಕು. ಒಬ್ಬರಿಗೆ ಬಂಗಡೆ, ಒಬ್ಬರಿಗೆ ತಾರ್ಲೆ. ಸಾರು ಕೆಟ್ಟಿದೆ ಎಂಬುದು ಬೇರೆಯೇ ಮಾತು.

ಐದನೆಯದು, ಹತ್ತು ತಪ್ಪು ಕಂಡರೂ ಮುಖ್ಯವಾದ ಒಂದೆರಡನ್ನು ಮಾತ್ರ ಹೇಳಿ. ಇದೇ ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದ ಮಾಸ್ತರು ಪ್ರಬಂಧದ ಪುಟವನ್ನೆಲ್ಲ ಕೆಂಪು ಮಾಡುತ್ತಿರಲಿಲ್ಲ. ಒಂದು ವಾಕ್ಯಕ್ಕೆ ಗೆರೆ ಎಳೆದು, “ಇದನ್ನು ಗಟ್ಟಿಯಾಗಿ ಓದಿ ನೋಡು” ಎಂದು ಬರೆಯುತ್ತಿದ್ದರು. ಓದಿದರೆ ತಪ್ಪು ತಾನಾಗಿ ನಾಲಿಗೆಗೆ ತಾಗುತ್ತಿತ್ತು. ಅವರು ಬರೆಯದೆ ಬಿಟ್ಟದ್ದೂ ನಮಗೆ ಪಾಠವಾಯಿತು.

ಇನ್ನು ಕೇಳಿಸಿಕೊಳ್ಳುವುದು. ನನ್ನ ಅನುಭವದಲ್ಲಿ ಹೇಳುವುದಕ್ಕಿಂತ ಇದು ಕಷ್ಟ. ರಾತ್ರಿಯೆಲ್ಲ ಕೂತು ಮಾಡಿದ್ದನ್ನು ಯಾರಾದರೂ ಬೆರಳು ತೋರಿಸಿದರೆ ನಮ್ಮನ್ನೇ ಚುಚ್ಚಿದಂತಾಗುತ್ತದೆ. ಅದು ಸಹಜ. ಹಾಗೆಂದು ತಕ್ಷಣ ಉತ್ತರ ಕೊಡಬೇಡಿ. “ಅದು ಹಾಗಲ್ಲ, ನಾನು ಬೇಕೆಂದೇ ಹಾಗೆ ಮಾಡಿದ್ದು” ಎಂದು ವಿವರಿಸಲು ಹೊರಟರೆ ಎದುರಿನವರು ಮಾತು ನಿಲ್ಲಿಸುತ್ತಾರೆ. ನೋಡುವ ಪ್ರತಿಯೊಬ್ಬರ ಪಕ್ಕದಲ್ಲೂ ಕೂತು ವಿವರಿಸಲು ನಿಮ್ಮಿಂದ ಆಗುವುದಿಲ್ಲವಲ್ಲ. ಕೇಳಿ, ಒಂದು ಕಾಗದದಲ್ಲಿ ಬರೆದುಕೊಳ್ಳಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೋಡಿದರೆ ಯಾವುದು ನಿಜ, ಯಾವುದು ಬರೀ ಮಾತು ಎಂದು ಗೊತ್ತಾಗುತ್ತದೆ.

ಮತ್ತೊಂದು ಗುಟ್ಟು. ಇಬ್ಬರು ಮೂವರು ಒಂದೇ ಜಾಗ ತೋರಿಸಿದರೆ ಅಲ್ಲಿ ಏನೋ ಇದೆ ಎಂದು ತಿಳಿಯಿರಿ. ಅವರು ಹೇಳುವ ಪರಿಹಾರವೇ ಸರಿಯಾಗಬೇಕೆಂದಿಲ್ಲ. ರೋಗಿ ನೋವಿನ ಜಾಗ ತೋರಿಸುತ್ತಾನೆ, ಮದ್ದು ಆರಿಸುವುದು ವೈದ್ಯ. ನಿಮ್ಮ ವಿಡಿಯೋಗೆ ವೈದ್ಯರು ನೀವೇ.

ಅಕ್ಕನ ಮಗಳಿಗೆ ನಾನು ಆವತ್ತು ಮೂರು ಮಾತು ಹೇಳಿದೆ. ಮೊದಲ ನಿಮಿಷದಲ್ಲಿ ಹೊಳೆಯುವ, ಅದುರುವ, ಸುತ್ತುವ ಎಫೆಕ್ಟುಗಳು ಹೆಚ್ಚಾದದ್ದರಿಂದ ಕಣ್ಣು ದಣಿದು, ಆ ನಿಂತ ನೀರಿನ ಹೊತ್ತಿಗೆ ಬಲ ಕಡಿಮೆಯಾಗುತ್ತದೆ ಎಂದೆ. ಮೂಲೆಯಲ್ಲಿ ಉಳಿದ ಗುರುತನ್ನು ತೆಗೆಯಬೇಕು ಎಂದೆ. ಕೊನೆಗೆ ಮೋಡ ಸರಿದು ಬಿಸಿಲು ಬೀಳುವ ದೃಶ್ಯವನ್ನು ಸ್ವಲ್ಪ ಉದ್ದ ಮಾಡಿದರೆ ಹೇಗೆ ಎಂದು ಕೇಳಿದೆ. ಮೊದಲ ಎರಡನ್ನು ಅವಳು ಬರೆದುಕೊಂಡಳು. ಮೂರನೆಯದಕ್ಕೆ, “ಬೇಡ ಮಾಮಾ. ಮಳೆ ನಿಂತರೂ ನಮ್ಮ ಮನೆಯ ಕೆಸರು ಅಷ್ಟು ಬೇಗ ಹೋಗಿರಲಿಲ್ಲ” ಎಂದಳು. ಮರುವಾರ ಹೊಸದಾಗಿ ಮಾಡಿ ಕಳಿಸಿದಾಗ ಬಿಸಿಲು ಮೊದಲಿನಷ್ಟೇ ಇತ್ತು. ಕೇಳಿಸಿಕೊಳ್ಳುವುದು ಎಂದರೆ ಹೇಳಿದ್ದನ್ನೆಲ್ಲ ಒಪ್ಪುವುದಲ್ಲ. ಯಾಕೆ ಒಪ್ಪಲಿಲ್ಲ ಎಂದು ತನಗೆ ಗೊತ್ತಿರಬೇಕು, ಅಷ್ಟೆ. ಅವಳಿಗೆ ಗೊತ್ತಿತ್ತು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಚಿತ್ರ ಬರೆದವರು, ಹಾಡು ಕಟ್ಟಿದವರು ಬೇರೆ. ಅವರ ಹೆಸರನ್ನು ವಿಡಿಯೋದ ಕೊನೆಯಲ್ಲಿ ಹಾಕಿ. ಹೆಸರು ಹಾಕಿದ ಮಾತ್ರಕ್ಕೆ ಅದು ನಮ್ಮ ಸೊತ್ತಾಗುವುದಿಲ್ಲ, ಅದನ್ನು ದುಡ್ಡಿಗೆ ಮಾರುವ ಹಕ್ಕೂ ಬರುವುದಿಲ್ಲ. ಆದರೂ ಯಾರ ಬೆನ್ನ ಮೇಲೆ ಕೂತು ನಾವು ದೂರ ನೋಡಿದೆವು ಎಂದು ಹೇಳುವುದು ಮರ್ಯಾದೆ.

ಕೊನೆಯಲ್ಲಿ ಶಾಲೆಗೆ ನನ್ನ ಒಂದು ಬಿನ್ನಹ. ನಮ್ಮ ಶಾಲೆಗೆ ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು, ಕನ್ನಡ ಆಡುವ ಮಕ್ಕಳು, ಅಣೆಕಟ್ಟಿನ ಮತ್ತು ಕೈಗಾದ ಕೆಲಸಕ್ಕೆಂದು ದೂರದ ಊರುಗಳಿಂದ ಬಂದ ಕುಟುಂಬಗಳ ಮಕ್ಕಳು, ಎಲ್ಲರೂ ಬಂದಿದ್ದಾರೆ. ಮನೆ ಮಾತು ಬೇರೆ ಬೇರೆಯಾದರೂ ಈ ಚಿತ್ರಗಳನ್ನು ಎಲ್ಲರೂ ನೋಡುತ್ತಾರೆ. ತಿಂಗಳಿಗೊಂದು ಶನಿವಾರ ಅರ್ಧ ಗಂಟೆ ಬಿಡುವು ಮಾಡಿ, ಒಬ್ಬ ವಿದ್ಯಾರ್ಥಿಯ ಕೆಲಸವನ್ನು ಎಲ್ಲರೂ ಕೂತು ಎರಡು ಸಲ ನೋಡಲಿ. ವಿಡಿಯೋ ಆಗಬಹುದು, ಚಿತ್ರ, ಕತೆ, ರಂಗೋಲಿ ಯಾವುದೂ ಆಗಬಹುದು. ಮಾಡಿದವರು ಒಂದೇ ವಾಕ್ಯದಲ್ಲಿ ತಮ್ಮ ಉದ್ದೇಶ ಹೇಳಲಿ. ನೋಡಿದವರು ತಲಾ ಒಂದು ಮೆಚ್ಚಿದ ಜಾಗ, ಒಂದು ಎಡವಿದ ಜಾಗ ತೋರಿಸಲಿ. ಅಲ್ಲಿಯವರೆಗೆ ಮಾಡಿದವರು ಸುಮ್ಮನೆ ಬರೆದುಕೊಳ್ಳಲಿ, ಆಮೇಲೆ ಮಾತನಾಡಲಿ. ಅಂಕ ಬೇಡ, ಬಹುಮಾನ ಬೇಡ. ಇದಕ್ಕೆ ಬೇಕಾದ ಒಂದು ಪ್ರೊಜೆಕ್ಟರನ್ನು ನಮ್ಮ ಬ್ಯಾಚಿನವರು ಕೂಡಿ ಕೊಡುತ್ತೇವೆ ಎಂದು ಈ ವೇದಿಕೆಯಿಂದಲೇ ಹೇಳುತ್ತಿದ್ದೇನೆ.

ಊರಿನ ಹಿರಿಯರಲ್ಲೂ ಒಂದು ಮಾತು. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮಗನನ್ನೋ ಮೊಮ್ಮಗಳನ್ನೋ ಕರೆದು, “ನೀನು ಮಾಡಿದ್ದು ಒಂದನ್ನು ತೋರಿಸು” ಎನ್ನಿ. ಪೂರ್ತಿ ನೋಡಿ. ಮೆಚ್ಚಬೇಕೆಂದಿಲ್ಲ. “ಇಲ್ಲಿ ಇದನ್ನು ಯಾಕೆ ಹೀಗೆ ಇಟ್ಟೆ?” ಎಂದು ಒಂದೇ ಒಂದು ಪ್ರಶ್ನೆ ಕೇಳಿ. ಆಮೇಲೆ ಓದಿನ ವಿಚಾರ ಹೇಳಿದರೂ ಆ ಮಗು ಕೇಳಿಸಿಕೊಳ್ಳುತ್ತದೆ, ಯಾಕೆಂದರೆ ತನ್ನನ್ನು ನೋಡಿದವರು ಹೇಳುತ್ತಿದ್ದಾರೆ ಎಂದು ಅದಕ್ಕೆ ಗೊತ್ತಿರುತ್ತದೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ. ಈ ಭಾಷಣದಲ್ಲಿ ಎಲ್ಲಿ ಎಡವಿದೆ ಎಂದು ಊಟದ ಪಂಕ್ತಿಯಲ್ಲಿ ಯಾರಾದರೂ ಜಾಗ ತೋರಿಸಿ ಹೇಳಿದರೆ ಸಂತೋಷ. ಬರೀ ‘ಸೂಪರ್’ ಅನ್ನಬೇಡಿ.